ಕಾಶಿಯ ಮೆಟ್ಟಿಲ ಮೇಲೆ ಕ್ಯಾಮರಾ

ಕಾಶಿಗೆ ಹೋಗಿ ಬಂದವರನ್ನು ಮಾತಾಡಿಸಲು ಹೋದರೆ ಮೊದಲು ಗಂಗಾಜಲದ ಪುಟ್ಟ ತಂಬಿಗೆ ಕೈಗೆ ಬರುತ್ತದೆ. ಆಮೇಲೆ ಕಾಶೀದಾರ, ಒಂದಿಷ್ಟು ಪ್ರಸಾದ. ಕಾಫಿ ಕುಡಿದು ಇನ್ನೇನು ಏಳಬೇಕು ಎನ್ನುವಷ್ಟರಲ್ಲಿ ಮೊಬೈಲು ಹೊರಬರುತ್ತದೆ. ಅದರಲ್ಲಿ ಮುನ್ನೂರೋ ನಾನೂರೋ ಫೋಟೋಗಳು. ಬೆರಳಿನಿಂದ ಒಂದೊಂದನ್ನೇ ಸರಿಸುತ್ತಾ ಹೋದರೆ ಸಂಜೆಯ ಗಂಗಾರತಿ, ದೋಣಿಯಲ್ಲಿ ಕುಳಿತ ಮನೆಮಂದಿ, ದೇವಸ್ಥಾನದ ದ್ವಾರದ ಮುಂದೆ ನಿಂತ ಮನೆಮಂದಿ, ಮತ್ತೆ ಗಂಗಾರತಿ. ಲೆಕ್ಕ ಹಾಕಿ ನೋಡಿದರೆ ಚಿತ್ರ ನಾನೂರು, ದೃಶ್ಯ ನಾಲ್ಕೋ ಐದೋ.

ಇದು ತಪ್ಪೆಂದು ಹೇಳುತ್ತಿಲ್ಲ. ಹೋದ ನೆನಪಿಗೆ ಬೇಕು, ಊರಲ್ಲಿ ತೋರಿಸುವುದಕ್ಕೂ ಬೇಕು. ಆದರೆ ಆರತಿ ನಡೆಯುವುದು ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ. ಉಳಿದ ಇಪ್ಪತ್ತಮೂರು ಗಂಟೆ ಆ ಮೆಟ್ಟಿಲುಗಳ ಮೇಲೆ ಏನು ನಡೆಯುತ್ತದೆ? ಬಟ್ಟೆ ಒಗೆಯುವವನು, ದೋಣಿಗೆ ಟಾರು ಬಳಿಯುವವನು, ಕೊಡೆಯ ಕೆಳಗೆ ಕುಳಿತು ಗಂಧ ತೇಯುವ ಪಂಡಾ, ಗಾಳಿಪಟದ ಹುಡುಗರು, ಬಿಸಿಲಿಗೆ ಮೈಯೊಡ್ಡಿ ಮಲಗಿದ ಎಮ್ಮೆ, ಇವರೆಲ್ಲ ಆ ನಾನೂರರಲ್ಲಿ ಇರುವುದಿಲ್ಲ. ಇದ್ದರೂ ಮನೆಮಂದಿಯ ಹೆಗಲ ಹಿಂದೆ ಅರ್ಧ ಮುಖವಾಗಿ ಇರುತ್ತಾರೆ. ಮುಂದೊಂದು ದಿನ ಬೆಲೆ ಬರುವುದು ಆ ಅರ್ಧ ಮುಖಕ್ಕೇ ಎಂದು ವಿಜ್ಞಾನದ ಮೇಷ್ಟರಾಗಿ ನನಗೆ ಅನ್ನಿಸುತ್ತದೆ. ಕಾರಣವನ್ನು ನಿಧಾನವಾಗಿ ಹೇಳುತ್ತೇನೆ.

ನಾನು ಕಾಶಿಗೆ ಹೋದದ್ದು ಎರಡು ಸಲ, ಒಮ್ಮೆ ದಸರಾ ರಜೆಯಲ್ಲಿ, ಇನ್ನೊಮ್ಮೆ ಜನವರಿಯಲ್ಲಿ. ಎರಡು ಸಲವೂ ದೇವರ ದರ್ಶನ ಮುಗಿದ ಮೇಲೆ ನಮ್ಮ ಮನೆಯವರನ್ನು ಸೀರೆ ಅಂಗಡಿಗೆ ಬಿಟ್ಟು, ನಾನು ಮೊಬೈಲು ಹಿಡಿದು ನದೀತೀರದಲ್ಲಿ ನಡೆದೆ. ದಕ್ಷಿಣದ ಅಸ್ಸಿ ಘಾಟ್‌ನಿಂದ ಉತ್ತರದ ರಾಜ್‌ಘಾಟ್‌ವರೆಗೆ ಆರೇಳು ಕಿಲೋಮೀಟರ್, ನಡುವೆ ಎಂಬತ್ತಕ್ಕೂ ಹೆಚ್ಚು ಘಾಟ್‌ಗಳು. ನೀರು ಇಳಿದ ಕಾಲದಲ್ಲಿ ಹೆಚ್ಚುಕಡಿಮೆ ಅಷ್ಟನ್ನೂ ಮೆಟ್ಟಿಲ ಮೇಲೇ ನಡೆಯಬಹುದು. ಹನುಮಾನ್ ಘಾಟ್ ದಾಟಿದರೆ ನಮ್ಮದೇ ಹೆಸರಿನ ಕರ್ನಾಟಕ ಘಾಟ್ ಸಿಗುತ್ತದೆ. ಅದರ ಪಕ್ಕದಲ್ಲೇ ಹರಿಶ್ಚಂದ್ರ ಘಾಟ್. ರಾಘವಾಂಕನ ಹರಿಶ್ಚಂದ್ರನನ್ನು ಪಾಠದಲ್ಲಿ ಓದಿದ ನಮ್ಮ ಮಕ್ಕಳಿಗೆ ಆ ಎರಡು ಫಲಕಗಳನ್ನು ಅಕ್ಕಪಕ್ಕ ನೋಡುವುದೇ ಒಂದು ಪಾಠ.

ಮೊದಲು ಈ ತೀರದ ರಚನೆಯನ್ನು ತಿಳಿದುಕೊಳ್ಳೋಣ. ಗಂಗೆ ಒಟ್ಟಾರೆ ಪೂರ್ವಕ್ಕೆ ಹರಿಯುವ ನದಿ. ಕಾಶಿಯ ಬಳಿ ಮಾತ್ರ ಬಾಗಿ ಉತ್ತರಕ್ಕೆ ತಿರುಗುತ್ತದೆ. ಊರೆಲ್ಲ ಪಶ್ಚಿಮದ ದಂಡೆಯ ಮೇಲಿದೆ. ಎದುರಿನ ಪೂರ್ವ ದಂಡೆಯಲ್ಲಿ ಬರೀ ಮರಳು, ಒಂದು ಮಹಡಿಯ ಮನೆಯೂ ಕಾಣದು. ಹೀಗೇಕೆ? ಬಾಗುವ ನದಿಯಲ್ಲಿ ಹೊರಬದಿಯ ದಂಡೆಯನ್ನು ನೀರು ಕೊರೆಯುತ್ತದೆ, ಒಳಬದಿಗೆ ಮರಳನ್ನು ತಂದು ಹಾಕುತ್ತದೆ. 1926ರಲ್ಲಿ ಆಲ್ಬರ್ಟ್ ಐನ್‌ಸ್ಟೈನ್ ಇದರ ಬಗ್ಗೆ ಒಂದು ಪುಟ್ಟ ಪ್ರಬಂಧ ಬರೆದರು. ಸಾಪೇಕ್ಷ ಸಿದ್ಧಾಂತದ ಐನ್‌ಸ್ಟೈನರೇ! ಗಾಜಿನ ಲೋಟದಲ್ಲಿ ನೀರು ತುಂಬಿ, ಒಂದು ಚಿಟಿಕೆ ಚಹಾ ಎಲೆ ಹಾಕಿ, ಚಮಚದಿಂದ ಗರಗರ ತಿರುಗಿಸಿ ಬಿಡಿ. ತಿರುಗುವ ವಸ್ತು ಹೊರಕ್ಕೆ ಹೋಗಬೇಕಲ್ಲ, ಎಲೆಗಳು ಮಾತ್ರ ತಳದ ನಡುವೆ ಗುಂಪಾಗುತ್ತವೆ. ತಳಕ್ಕೆ ತಾಗಿದ ನೀರು ಘರ್ಷಣೆಯಿಂದ ನಿಧಾನವಾಗುತ್ತದೆ. ಮೇಲಿನ ವೇಗದ ನೀರು ಹೊರಕ್ಕೆ ತಳ್ಳುತ್ತದೆ, ಕೆಳಗಿನ ನಿಧಾನದ ನೀರು ಒಳಕ್ಕೆ ಸರಿಯುತ್ತದೆ, ಸರಿಯುವಾಗ ಎಲೆಗಳನ್ನೂ ಎಳೆದುಕೊಂಡು ಬರುತ್ತದೆ. ನದಿಯ ತಿರುವಿನಲ್ಲಿ ಚಹಾ ಎಲೆಯ ಬದಲು ಮರಳು, ಅಷ್ಟೇ ವ್ಯತ್ಯಾಸ.

ಈ ಪಾಠದಲ್ಲಿ ಇನ್ನೊಂದು ಎಚ್ಚರಿಕೆ ಇದೆ, ತಂದೆತಾಯಂದಿರು ಗಮನಿಸಬೇಕು. ಊರಿರುವ ಬದಿಯೇ ಹೊರಬದಿ ಎಂದಮೇಲೆ, ಘಾಟ್‌ನ ಬದಿಯೇ ಆಳದ ಬದಿ. ಮೆಟ್ಟಿಲುಗಳು ನೀರೊಳಗೂ ಮುಂದುವರಿಯುತ್ತವೆ. ಪಾಚಿ ಕಟ್ಟಿ ಜಾರುತ್ತವೆ. ಎಲ್ಲಿ ಮುಗಿಯುತ್ತವೆ ಎಂಬುದು ಮೇಲಿನಿಂದ ಕಾಣುವುದಿಲ್ಲ. ಮೊಬೈಲನ್ನು ಮುಖದ ಮುಂದೆ ಹಿಡಿದು ಹಿಂದೆ ಹಿಂದೆ ಹೆಜ್ಜೆಯಿಡುವ ಹುಡುಗರನ್ನು ಅಲ್ಲಿ ನೋಡಿದಾಗಲೆಲ್ಲ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ನಡೆಯುವಾಗ ಫೋಟೋ ಬೇಡ, ಫೋಟೋ ತೆಗೆಯುವಾಗ ನಡಿಗೆ ಬೇಡ. ನದಿ ಯಾವುದೇ ಇರಲಿ, ಈ ನಿಯಮ ಒಂದೇ.

ಇನ್ನು ಬೆಳಕಿನ ವಿಚಾರ. ಘಾಟ್‌ಗಳೆಲ್ಲ ಪೂರ್ವಕ್ಕೆ ಮುಖ ಮಾಡಿವೆ, ಎದುರಿಗೆ ಅಡ್ಡ ಬರುವ ಕಟ್ಟಡವಿಲ್ಲ. ಹಾಗಾಗಿ ಸೂರ್ಯ ಮರಳಿನ ಮೇಲೆ ಮೂಡಿದ ಮರುಕ್ಷಣವೇ ಮೊದಲ ಕಿರಣ ಮೆಟ್ಟಿಲಿಗೆ ಬೀಳುತ್ತದೆ. ಬೆಳಗಿನ ಬೆಳಕು ವಾತಾವರಣದಲ್ಲಿ ಬಹಳ ದೂರ ಓರೆಯಾಗಿ ಸಾಗಿ ಬರುವುದರಿಂದ ದಾರಿಯಲ್ಲೇ ನೀಲಿ ಚದುರಿಹೋಗಿ ಹಳದಿ, ಕೆಂಪು ಉಳಿಯುತ್ತವೆ. ಇದು ಎಂಟನೆಯ ತರಗತಿಯವರಿಗೂ ಗೊತ್ತು. ಆದರೆ ನಾನು ಸ್ಥಳದಲ್ಲಿ ನಿಂತು ಗಮನಿಸಿದ ಇನ್ನೊಂದು ಸಂಗತಿ ಇದೆ. ಪಂಡಾಗಳು ದೊಡ್ಡ ಕೊಡೆಯ ಕೆಳಗೆ ಕುಳಿತಿರುತ್ತಾರಲ್ಲ, ಆ ಹೊತ್ತಿನಲ್ಲಿ ಕೊಡೆಯ ಒಳಮೈ ಕೂಡ ಬೆಳಗುತ್ತಿರುತ್ತದೆ. ಕೊಡೆಯೊಳಕ್ಕೆ ಕೆಳಗಿನಿಂದ ಬೆಳಕು ಬಂದದ್ದು ಹೇಗೆ? ನೀರಿನಿಂದ! ನೀರಿಗೆ ನೆಟ್ಟಗೆ ಬಿದ್ದ ಬೆಳಕು ಬಹುಪಾಲು ಒಳಗೆ ಹೋಗುತ್ತದೆ. ಸವರಿದಂತೆ ಓರೆಯಾಗಿ ಬಿದ್ದದ್ದು ಬಹುಪಾಲು ಪ್ರತಿಫಲಿಸುತ್ತದೆ. ಅಂದರೆ ಬೆಳಗಿನ ಅರ್ಧ ಗಂಟೆ ಕಾಶಿಗೆ ಎರಡು ಸೂರ್ಯರು, ಒಂದು ಆಕಾಶದಲ್ಲಿ, ಒಂದು ಗಂಗೆಯಲ್ಲಿ. ಮುಖದ ಮೇಲೆ ಗಾಢ ನೆರಳು ಬೀಳುವುದೇ ಇಲ್ಲ. ಎಂತಹ ಸಾಮಾನ್ಯ ಮೊಬೈಲಿಗೂ ಆಗ ಒಳ್ಳೆಯ ಚಿತ್ರ ಸಿಗುತ್ತದೆ. ಹೊಗಳಿಕೆ ಮಾತ್ರ ಮೊಬೈಲಿನ ಕಂಪನಿಗೆ!

ಸತ್ಯಜಿತ್ ರಾಯ್ ಅವರ 1956ರ ‘ಅಪರಾಜಿತೊ’ ಚಿತ್ರವನ್ನು ಈ ಮೆಟ್ಟಿಲುಗಳ ಮೇಲೆಯೇ ತೆಗೆದರು. ಕಥೆಯ ಬಡ ಕುಟುಂಬದ ಮನೆಯನ್ನು ಮಾತ್ರ ಕಲ್ಕತ್ತೆಯ ಸ್ಟುಡಿಯೋದಲ್ಲಿ ಕಟ್ಟಬೇಕಾಯಿತು. ಕಾಶಿಯ ಮನೆಯ ಅಂಗಳಕ್ಕೆ ಆಕಾಶದಿಂದ ಇಳಿಯುವ ಮೃದುವಾದ ಬೆಳಕನ್ನು ಸ್ಟುಡಿಯೋದೊಳಗೆ ತರುವುದು ಹೇಗೆ? ಛಾಯಾಗ್ರಾಹಕ ಸುಬ್ರತ ಮಿತ್ರ ಮೇಲೆ ಬಿಳಿ ಬಟ್ಟೆಯನ್ನು ಬಿಗಿದು, ದೀಪಗಳನ್ನು ಅದಕ್ಕೆ ಹಾಯಿಸಿ, ಅಲ್ಲಿಂದ ಚದುರಿ ಬಂದ ಬೆಳಕಿನಲ್ಲಿ ಚಿತ್ರ ತೆಗೆದರು. ಗಂಗೆ ಕೊಡೆಯ ಕೆಳಗೆ ದಿನಾ ಬೆಳಿಗ್ಗೆ ಮಾಡುವ ಕೆಲಸಕ್ಕೂ ಇದಕ್ಕೂ ನೆಂಟಸ್ತಿಕೆ ಇದೆ. ಮನೆಯಲ್ಲಿ ಅಜ್ಜಿಯ ಫೋಟೋ ತೆಗೆಯುವಾಗ ಫ್ಲಾಶ್ ಹಾಕುವ ಬದಲು ಕಿಟಕಿಯ ಎದುರು ಒಂದು ಬಿಳಿ ಪಂಚೆ ಹಿಡಿದು ನೋಡಿ.

ಜನವರಿಯ ಬೆಳಿಗ್ಗೆ ಮಂಜು ಹರಿಯುವವರೆಗೆ ಕಾಯಬೇಕು. ಆಗ ನದಿಯ ಮೇಲೆ ಸಾವಿರಾರು ಬಿಳಿ ಹಕ್ಕಿಗಳು ಕಿರುಚಾಡುತ್ತಿರುತ್ತವೆ. ದೂರದ ಉತ್ತರದ ಚಳಿಯಿಂದ ತಪ್ಪಿಸಿಕೊಂಡು ಬಂದ ಗಲ್ ಪಕ್ಷಿಗಳು ಅವು. ದೋಣಿಯವರು ಬಾಯಿಯಿಂದ ಒಂದು ವಿಚಿತ್ರ ಸದ್ದು ಹೊರಡಿಸಿ ಅವನ್ನು ಕರೆಯುತ್ತಾರೆ, ಪ್ರವಾಸಿಗರು ಖಾರಾಸೇವೆ ಎಸೆಯುತ್ತಾರೆ. (ಕರಿದ ತಿಂಡಿ ಹಕ್ಕಿಗೆ ಒಳ್ಳೆಯದಲ್ಲ. ಹೇಳಿದರೆ ಕೇಳುವವರಿಲ್ಲ.) ಗಲ್ ಸೆಕೆಂಡಿಗೆ ಹತ್ತು ಮೀಟರ್ ವೇಗದಲ್ಲಿ ಹಾರುತ್ತಿದೆ ಎಂದಿಟ್ಟುಕೊಳ್ಳಿ. ಮಬ್ಬು ಬೆಳಕಿನಲ್ಲಿ ಕ್ಯಾಮರಾದ ಬಾಗಿಲು ಸೆಕೆಂಡಿನ ಮೂವತ್ತನೇ ಒಂದು ಭಾಗ ತೆರೆದಿದ್ದರೆ ಅಷ್ಟರಲ್ಲಿ ಹಕ್ಕಿ 33 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಚಿತ್ರದಲ್ಲಿ ಉಳಿಯುವುದು ಒಂದು ಬಿಳಿ ಗೀಟು. ಬಿಸಿಲೇರಿದ ಮೇಲೆ ಬಾಗಿಲು ಸಾವಿರದ ಒಂದು ಭಾಗ ತೆರೆದರೂ ಸಾಕಾಗುತ್ತದೆ. ಆಗ ಹಕ್ಕಿ ಸರಿದದ್ದು ಒಂದೇ ಸೆಂಟಿಮೀಟರ್, ರೆಕ್ಕೆಯ ಗರಿಯೂ ಕಾಣುತ್ತದೆ. ಮಸುಕಾದ ಫೋಟೋ ಬಂತೆಂದು ಅಳಿಸುವ ಮೊದಲು ಆ ಗೀಟಿನ ಉದ್ದವನ್ನು ಅಳೆಯಿರಿ. ಅದರೊಳಗೆ ವೇಗದ ಲೆಕ್ಕವೊಂದು ಅಡಗಿದೆ.

ಪಾಂಡೇ ಘಾಟ್‌ನಲ್ಲಿ ಅಗಸರ ಕೆಲಸ ಬೆಳಿಗ್ಗೆ ಬೇಗ ಶುರುವಾಗುತ್ತದೆ. ಮೊಣಕಾಲುದ್ದ ನೀರಿನಲ್ಲಿ ಓರೆಯಾಗಿ ನಿಲ್ಲಿಸಿದ ಚಪ್ಪಡಿ ಕಲ್ಲು, ಬಟ್ಟೆಯನ್ನು ತಲೆಯ ಮೇಲೆತ್ತಿ ಒಂದೇ ಲಯದಲ್ಲಿ ಬೀಸಿ ಹೊಡೆಯುವ ಸದ್ದು. ದೋಣಿಯಲ್ಲಿ ದೂರ ಹೋಗಿ ನೋಡಿದರೆ ಬಟ್ಟೆ ಕಲ್ಲಿಗೆ ಬಡಿದದ್ದು ಮೊದಲು ಕಾಣುತ್ತದೆ, ಸದ್ದು ಆಮೇಲೆ ಬರುತ್ತದೆ. ಅಂತರ ಅರ್ಧ ಸೆಕೆಂಡಾದರೆ ನೀವು ಸುಮಾರು 170 ಮೀಟರ್ ದೂರದಲ್ಲಿದ್ದೀರಿ. ಒಗೆದ ಹಾಸು, ಸೀರೆಗಳನ್ನೆಲ್ಲ ಮೆಟ್ಟಿಲ ಮೇಲೆಯೇ ಹರಡುತ್ತಾರೆ. ಬಿಸಿಲಿಗೆ ಕಾದ ಕಲ್ಲು ಕೆಳಗಿನಿಂದ, ಗಾಳಿ ಮೇಲಿನಿಂದ, ಎರಡೂ ಸೇರಿ ಬೇಗ ಒಣಗಿಸುತ್ತವೆ. ಮಧ್ಯಾಹ್ನ ಇಳಿದಂತೆ ಹಿಂದಿನ ಎತ್ತರದ ಕಟ್ಟಡಗಳ ನೆರಳು ಮೆಟ್ಟಿಲುಗಳ ಮೇಲೆ ಚಾಚಿಕೊಳ್ಳುತ್ತದೆ. ಆಗ ಹುಡುಗರ ಕ್ರಿಕೆಟ್ಟಿಗೆ ಒಳ್ಳೆಯ ಸಮಯ. ಚೆಂಡು ನೀರಿಗೆ ಬಿದ್ದರೆ ಔಟು ಎಂಬುದು ನಾನು ನೋಡಿದ ಒಂದು ಆಟದ ಕಾನೂನು.

ನೆರಳಿನ ಮಾತು ಬಂದದ್ದರಿಂದ ಇನ್ನೊಂದು ಜಾಗವನ್ನು ಹೇಳಿಬಿಡುತ್ತೇನೆ. ದಶಾಶ್ವಮೇಧದ ಪಕ್ಕದ ಮಾನಮಂದಿರದ ಮಹಡಿಯ ಮೇಲೆ ಜೈಪುರದ ಸವಾಯಿ ಜೈಸಿಂಗ್ ಕಟ್ಟಿಸಿದ ಜಂತರ್ ಮಂತರ್ ಇದೆ. ಅದರ ನೆರಳುಗಡಿಯಾರದ ಇಳಿಜಾರು ಗೋಡೆ ನೆಲಕ್ಕೆ ಸುಮಾರು 25 ಡಿಗ್ರಿ ಕೋನದಲ್ಲಿದೆ, ಅದು ಕಾಶಿಯ ಅಕ್ಷಾಂಶ. ಭಾರತದ ಗಡಿಯಾರಗಳೆಲ್ಲ 82.5 ಡಿಗ್ರಿ ರೇಖಾಂಶದ ಸಮಯವನ್ನು ತೋರಿಸುತ್ತವೆ. ಕಾಶಿ ಇರುವುದು 83ರಲ್ಲಿ. ಹಾಗಾಗಿ ಅಲ್ಲಿನ ಸ್ಥಳೀಯ ಸರಾಸರಿ ಸಮಯಕ್ಕೂ ಕೈಗಡಿಯಾರಕ್ಕೂ ಎರಡೇ ನಿಮಿಷ ವ್ಯತ್ಯಾಸ. ನಮ್ಮ ಬೆಂಗಳೂರಿನಲ್ಲಿ ಅದು ಇಪ್ಪತ್ತು ನಿಮಿಷದಷ್ಟು. ಯಾವ ಹಳೆಯ ಫೋಟೋದಲ್ಲಾದರೂ ಒಂದು ಕಂಬ, ಅದರ ನೆರಳು, ದಿಕ್ಕು ಇಷ್ಟು ಸಿಕ್ಕರೆ ಅದನ್ನು ತೆಗೆದ ಹೊತ್ತನ್ನು ಅಂದಾಜು ಮಾಡಬಹುದು.

ಹಳೆಯ ಫೋಟೋ ಎಂದರೆ ಎಷ್ಟು ಹಳೆಯದು? ಪ್ಯಾರಿಸಿನ ಡಾಗೇರ್ 1838ರಲ್ಲಿ ತನ್ನ ಕಿಟಕಿಯಿಂದ ಒಂದು ಗಿಜಿಗುಡುವ ಬೀದಿಯ ಚಿತ್ರ ತೆಗೆದ. ಬೆಳಕು ಅಚ್ಚಾಗಲು ಆಗ ಹಲವು ನಿಮಿಷ ಬೇಕಿತ್ತು. ಓಡಾಡುತ್ತಿದ್ದ ಗಾಡಿ, ಕುದುರೆ, ಜನ ಯಾರೂ ಮೂಡಲಿಲ್ಲ. ಬೀದಿ ಬಿಕೋ ಎನ್ನುತ್ತದೆ. ಮೂಡಿದ್ದು ಒಂದು ಮೂಲೆಯಲ್ಲಿ ಕಾಲು ಚಾಚಿ ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳುತ್ತಾ ಅಲುಗಾಡದೆ ನಿಂತಿದ್ದ ಒಬ್ಬನ ಆಕೃತಿ. ಮನುಷ್ಯ ಕಾಣಿಸುವ ಅತ್ಯಂತ ಹಳೆಯ ಫೋಟೋಗಳಲ್ಲಿ ಅದು ಮೊದಲನೆಯದೆಂದು ಹೇಳುತ್ತಾರೆ. ರಾಜನಲ್ಲ, ಸೇನಾಪತಿಯಲ್ಲ, ಬೂಟು ಪಾಲಿಶಿನ ಗಿರಾಕಿ! 1860ರ ದಶಕದಲ್ಲಿ ಸ್ಯಾಮುಯೆಲ್ ಬೋರ್ನ್ ಎಂಬ ಆಂಗ್ಲ ಛಾಯಾಗ್ರಾಹಕ ಕಾಶಿಯ ಘಾಟ್‌ಗಳ ಚಿತ್ರಗಳನ್ನು ತೆಗೆದ. ಗಾಜಿನ ತಟ್ಟೆಗೆ ರಾಸಾಯನಿಕ ಬಳಿದು ಒದ್ದೆಯಿರುವಾಗಲೇ ಚಿತ್ರ ತೆಗೆದು ಸಂಸ್ಕರಿಸಬೇಕಾದ ಕಾಲ ಅದು. ಆಗಲೂ ಒಂದು ಚಿತ್ರಕ್ಕೆ ಕೆಲವು ಸೆಕೆಂಡು ಬೇಕಾಗುತ್ತಿತ್ತು. ಅಂಥ ಚಿತ್ರಗಳಲ್ಲಿ ಗೋಪುರ, ಕಲ್ಲು ಎಲ್ಲ ಸ್ಫುಟ. ನಡೆಯುವವರು ಮಾತ್ರ ಹೊಗೆಯಂತೆ. ದಿನನಿತ್ಯದ ಬದುಕನ್ನು ಹಿಡಿಯುವ ಶಕ್ತಿ ಅಂದಿನ ಕ್ಯಾಮರಾಕ್ಕೆ ಇರಲಿಲ್ಲ. ಇಂದು ಆ ಶಕ್ತಿ ಪ್ರತಿಯೊಬ್ಬರ ಜೇಬಿನಲ್ಲಿದೆ, ನಾವು ಅದರಿಂದ ನಮ್ಮ ಮುಖವನ್ನೇ ತೆಗೆದುಕೊಳ್ಳುತ್ತಿದ್ದೇವೆ.

ಬೋರ್ನ್‌ಗೂ ಮೊದಲು, ಕ್ಯಾಮರಾ ಬರುವುದಕ್ಕೂ ಮೊದಲು, ಜೇಮ್ಸ್ ಪ್ರಿನ್ಸೆಪ್ ಇದ್ದ. 1820ರಲ್ಲಿ ಕಾಶಿಯ ಟಂಕಸಾಲೆಗೆ ಲೋಹಪರೀಕ್ಷಕನಾಗಿ ಬಂದ ಇಪ್ಪತ್ತರ ಆಸುಪಾಸಿನ ಹುಡುಗ. ನಾಣ್ಯದ ಬೆಳ್ಳಿಯನ್ನು ಒರೆಗೆ ಹಚ್ಚಿ ಸುಮ್ಮನಿರಬಹುದಾಗಿತ್ತು. ಅವನು ಊರಿನ ನಕ್ಷೆ ಬರೆದ, ಜನಗಣತಿ ಮಾಡಿದ, ಉಷ್ಣಮಾಪಕ, ವಾಯುಭಾರಮಾಪಕ ಇಟ್ಟು ಹವೆಯನ್ನು ದಾಖಲಿಸಿದ, ಪಂಚಗಂಗಾ ಘಾಟ್‌ನ ಮಸೀದಿಯ ಮಿನಾರುಗಳ ದುರಸ್ತಿಗೆ ನೆರವಾದ. ಬಿಡುವಿನಲ್ಲಿ ಘಾಟ್‌ಗಳ ಮೇಲೆ ಕುಳಿತು ಚಿತ್ರ ಬರೆದ. ಅವು 1831ರಿಂದ ಪುಸ್ತಕವಾಗಿ ಪ್ರಕಟವಾದವು. 1837ರಲ್ಲಿ ಬ್ರಾಹ್ಮಿ ಲಿಪಿಯನ್ನು ಓದಿದವನೂ ಇವನೇ. ಆ ಓದು ಇಲ್ಲದಿದ್ದರೆ 1915ರಲ್ಲಿ ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಸಿಕ್ಕ ಶಾಸನದಲ್ಲಿ ಅಶೋಕನ ಹೆಸರನ್ನು ಯಾರು ಗುರುತಿಸುತ್ತಿದ್ದರು?

ಪ್ರಿನ್ಸೆಪ್‌ನ ಚಿತ್ರ ಇಂದು ಯಾವ ಕೆಲಸಕ್ಕೆ ಬರುತ್ತದೆ ನೋಡಿ. ಮಣಿಕರ್ಣಿಕಾ ದಾಟಿದ ಕೂಡಲೇ ನೀರಿನ ಅಂಚಿನಲ್ಲಿ ರತ್ನೇಶ್ವರ ಮಹಾದೇವನ ಗುಡಿಯಿದೆ. ಅದು ಸ್ಪಷ್ಟವಾಗಿ ಒಂದು ಬದಿಗೆ ವಾಲಿದೆ, ಸುಮಾರು ಒಂಬತ್ತು ಡಿಗ್ರಿ. ಪ್ರಪಂಚಪ್ರಸಿದ್ಧ ಪೀಸಾ ಗೋಪುರದ ವಾಲು ನಾಲ್ಕು ಡಿಗ್ರಿ ಮಾತ್ರ. ವರ್ಷದಲ್ಲಿ ಬಹುಕಾಲ ಗರ್ಭಗುಡಿಯಲ್ಲಿ ನೀರು, ಹೂಳು ತುಂಬಿರುತ್ತದೆ. ತಾಯಿಯ ಋಣ ತೀರಿಸಿದೆನೆಂದು ಮಗನೊಬ್ಬ ಹೇಳಿಕೊಂಡದ್ದಕ್ಕೆ ಗುಡಿ ವಾಲಿತು ಎಂದು ದೋಣಿಯವರು ಕಥೆ ಹೇಳುತ್ತಾರೆ. ಕಥೆ ಚೆನ್ನಾಗಿದೆ, ತಾಯಂದಿರಿಗೆ ಇಷ್ಟವಾಗುತ್ತದೆ. ಆದರೆ ವಾಲಿದ್ದು ಯಾವಾಗ? ಪ್ರಿನ್ಸೆಪ್ 1820ರ ದಶಕದಲ್ಲಿ ಬರೆದ ಚಿತ್ರದಲ್ಲಿ ಗುಡಿ ನೆಟ್ಟಗಿದೆ. 1860ರ ದಶಕದ ಫೋಟೋಗಳಲ್ಲಿ ವಾಲಿದೆ. ಅಂದಮೇಲೆ ನಡುವಿನ ಮೂವತ್ತು ನಲವತ್ತು ವರ್ಷಗಳಲ್ಲಿ ತಳದ ನೆಲ ಕುಸಿದಿರಬೇಕು. ಪಕ್ಕದಲ್ಲೇ ಸಿಂಧಿಯಾ ಮನೆತನದವರು 1830ರ ಸುಮಾರಿಗೆ ಕಟ್ಟಿಸಿದ ಭಾರಿ ಘಾಟ್ ಕೂಡ ತನ್ನ ಭಾರಕ್ಕೇ ಕುಸಿದದ್ದು ಉಂಟು.

ಇಲ್ಲಿ ಒಂದು ಸಂಶಯವನ್ನೂ ಇಟ್ಟುಕೊಳ್ಳಬೇಕು. ಬಿಡಿಸಿದ ಚಿತ್ರದಲ್ಲಿ ಕಲಾವಿದ ಅಂದಕ್ಕಾಗಿ ಗುಡಿಯನ್ನು ನೆಟ್ಟಗೆ ಮಾಡಿರಬಹುದು. ಫೋಟೋ ಕೂಡ ಸತ್ಯ ಹರಿಶ್ಚಂದ್ರನಲ್ಲ. ಮೊಬೈಲನ್ನು ಮೇಲಕ್ಕೆ ಎತ್ತಿ ಹಿಡಿದರೆ ನೆಟ್ಟಗಿನ ಗೋಪುರಗಳೂ ಒಳಕ್ಕೆ ಬಾಗಿದಂತೆ ಬರುತ್ತವೆ. ಇದಕ್ಕೆ ನಾನು ಮಾಡಿದ ಉಪಾಯ ಸರಳ. ಗಾರೆ ಕೆಲಸದವರ ತೂಗುಗುಂಡಿನಂತೆ ಒಂದು ದಾರಕ್ಕೆ ಕಲ್ಲು ಕಟ್ಟಿ, ಅದು ಫೋಟೋದ ಒಂದು ಅಂಚಿನಲ್ಲಿ ಬರುವಂತೆ ನೇತುಬಿಟ್ಟು, ಮೊಬೈಲನ್ನು ಎತ್ತದೆ ತಗ್ಗಿಸದೆ ಹಿಡಿದು, ಗುಡಿ ಚೌಕಟ್ಟಿನ ನಡುವೆ ಬರುವಂತೆ ತೆಗೆದೆ. ದಾರ ಎಂದೂ ಸುಳ್ಳು ಹೇಳುವುದಿಲ್ಲ, ಅದನ್ನು ಎಳೆಯುವುದು ಭೂಮಿ. ಊರಿಗೆ ಬಂದು ಆ ಫೋಟೋವನ್ನು ಅಚ್ಚು ಹಾಕಿಸಿ, ಕಂಪಾಸ್ ಪೆಟ್ಟಿಗೆಯ ಕೋನಮಾಪಕ ಕೊಟ್ಟು ಅಳೆಯಲು ತರಗತಿಗೆ ಹೇಳಿದೆ. ಎಂಟಕ್ಕೂ ಹತ್ತಕ್ಕೂ ನಡುವೆ ಉತ್ತರಗಳು ಬಂದವು. ಹಿಂದಿನ ಬೆಂಚಿನ ಹುಡುಗನೊಬ್ಬ, “ಸಾರ್, ಮುಂದಿನ ವರ್ಷ ಇನ್ನೊಂದು ಸಲ ತೆಗೆದರೆ ಇನ್ನೂ ವಾಲುತ್ತಿದೆಯೋ ಇಲ್ಲವೋ ಗೊತ್ತಾಗುತ್ತಲ್ಲವೇ?” ಎಂದ. ಕೋನಮಾಪಕದಲ್ಲಿ ಅಷ್ಟು ಸೂಕ್ಷ್ಮ ವ್ಯತ್ಯಾಸ ಸಿಗದು. ಪ್ರಶ್ನೆ ಮಾತ್ರ ನೂರಕ್ಕೆ ನೂರು ಅಂಕದ್ದು.

ಹೀಗೆ ಫೋಟೋ ಓದುವುದನ್ನು ಕಲಿತರೆ ಮೂಲೆಮೂಲೆಯಲ್ಲೂ ಸುಳಿವು ಸಿಗುತ್ತದೆ. ಕಾಶಿಯ ಚಿತ್ರದಲ್ಲಿ ಉತ್ತರದ ತುದಿಗೆ ರೈಲು ಸೇತುವೆ ಇಲ್ಲದಿದ್ದರೆ ಅದು 1887ಕ್ಕಿಂತ ಹಿಂದಿನದು. ಪಂಚಗಂಗಾ ಮಸೀದಿಗೆ ಎರಡು ಎತ್ತರದ ಮಿನಾರುಗಳಿದ್ದರೆ ಅದು 1948ಕ್ಕಿಂತ ಹಿಂದಿನದು. ಆ ವರ್ಷ ಒಂದು ಬಿತ್ತು, ಇನ್ನೊಂದನ್ನು ಆಮೇಲೆ ಇಳಿಸಿದರು. ಲಲಿತಾ ಘಾಟ್‌ನ ಮೇಲೆ ಇಕ್ಕಟ್ಟಾದ ಹಳೆಯ ಮನೆಗಳೇ ತುಂಬಿದ್ದರೆ, ಅದು 2021ರ ಡಿಸೆಂಬರಿನಲ್ಲಿ ಉದ್ಘಾಟನೆಯಾದ ವಿಶ್ವನಾಥ ಕಾರಿಡಾರಿನ ಕೆಲಸ ಆರಂಭವಾಗುವುದಕ್ಕೆ ಮೊದಲಿನದು. ದೇವಸ್ಥಾನದಿಂದ ನದಿಗೆ ನೇರ ದಾರಿಯಾಯಿತು, ಯಾತ್ರಿಕರಿಗೆ ಅನುಕೂಲವಾಯಿತು. ಜೊತೆಗೆ ಹಲವಾರು ಮನೆಗಳು, ಗಲ್ಲಿಗಳು ಹೋದವು. ಸರಿಯೋ ತಪ್ಪೋ ಎಂಬ ವಾದಕ್ಕೆ ನಾನಿಲ್ಲಿ ಹೋಗುವುದಿಲ್ಲ. ಆ ಗಲ್ಲಿಯ ಹಾಲಿನಂಗಡಿ, ಜಗಲಿಯ ಮೇಲೆ ಚದುರಂಗ ಆಡುತ್ತಿದ್ದ ಮುದುಕರು, ಇವರನ್ನು ಯಾರಾದರೂ ಮೊದಲೇ ತೆಗೆದಿಟ್ಟಿದ್ದರೆ ಅದೊಂದೇ ಈಗ ಉಳಿದ ಸಾಕ್ಷಿ. ಗುಡಿ ಗೋಪುರಗಳ ಚಿತ್ರ ಸಾವಿರ ಜನ ತೆಗೆದಿರುತ್ತಾರೆ. ಹಾಲಿನಂಗಡಿಯದು ತೆಗೆದವರು ಎಷ್ಟು ಮಂದಿ?

ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ (1923-2009) ಇಡೀ ವೃತ್ತಿಜೀವನದಲ್ಲಿ ಸಾಮಾನ್ಯ ಜನರನ್ನು, ಅದರಲ್ಲೂ ಮಕ್ಕಳನ್ನು, ಅಷ್ಟೊಂದು ಅಕ್ಕರೆಯಿಂದ ತೆಗೆದವರು. ಅವರ ಚಿತ್ರಗಳಲ್ಲಿನ ಜನ ಕ್ಯಾಮರಾಕ್ಕೆ ಹೆದರಿದವರಂತೆ ಕಾಣುವುದಿಲ್ಲ. ಅದು ಲೆನ್ಸಿನಿಂದ ಬರುವ ಗುಣವಲ್ಲ.

ಪಾಂಡೇ ಘಾಟ್‌ನ ಒಬ್ಬ ಹಿರಿಯ ಅಗಸನನ್ನು ನಾನು, “ಭೈಯಾ, ಒಂದು ಫೋಟೋ ತೆಗೆಯಲೇ?” ಎಂದು ಹರಕು ಹಿಂದಿಯಲ್ಲಿ ಕೇಳಿದೆ. ಆತ ಬಟ್ಟೆ ಹಿಂಡುತ್ತಲೇ, “ತೆಗೀರಿ ಬಾಬೂಜಿ, ನಲವತ್ತು ವರ್ಷದಿಂದ ತೆಗೀತಾನೇ ಇದಾರೆ. ನನ್ನ ಹತ್ತಿರ ಮಾತ್ರ ಒಂದೂ ಇಲ್ಲ” ಎಂದ. ಸಿಟ್ಟಿರಲಿಲ್ಲ, ಇದ್ದದ್ದನ್ನು ಹೇಳಿದ, ಅಷ್ಟೇ. ಮರುದಿನ ಗೋದೌಲಿಯಾದ ಒಂದು ಸ್ಟುಡಿಯೋದಲ್ಲಿ ಅಚ್ಚು ಹಾಕಿಸಿ ಕೊಂಡುಹೋಗಿ ಕೊಟ್ಟೆ. ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡು ಅಂಚು ಹಿಡಿದು ನೋಡಿದ. ತನ್ನ ಮುಖ ಹೇಗೆ ಬಂದಿದೆ ಎಂದು ನೋಡಲಿಲ್ಲ. ಮಗನನ್ನು ಕೂಗಿ ಕರೆದು, “ನೋಡು, ಅಜ್ಜನ ಕಲ್ಲು ಪೂರ್ತಿ ಬಂದಿದೆ” ಎಂದು ತೋರಿಸಿದ. ಅಪ್ಪನಿಂದ ಬಂದ ಒಗೆಯುವ ಕಲ್ಲಂತೆ ಅದು. ಪ್ರವಾಹ ಇಳಿದ ಮೇಲೆ ಪ್ರತಿವರ್ಷ ಹೂಳಿನಿಂದ ಅಗೆದು ತೆಗೆದು ಮತ್ತೆ ನಿಲ್ಲಿಸುತ್ತಾರಂತೆ. ನಾನು ಒಗೆಯುವವನ ಫೋಟೋ ತೆಗೆದಿದ್ದೇನೆ ಎಂದುಕೊಂಡಿದ್ದೆ. ಅವನಿಗೆ ಅದು ಕಲ್ಲಿನ ಫೋಟೋ.

ತೆಗೆಯಬಾರದ ಚಿತ್ರಗಳೂ ಇವೆ. ಮಣಿಕರ್ಣಿಕಾ ಮತ್ತು ಹರಿಶ್ಚಂದ್ರ ಘಾಟ್‌ಗಳಲ್ಲಿ ಚಿತೆಗಳು ಉರಿಯುತ್ತಿರುತ್ತವೆ. ಅಲ್ಲಿ ಫೋಟೋ ಬೇಡವೆಂದು ಸ್ಥಳೀಯರು ಬಾಯಿಬಿಟ್ಟು ಹೇಳುತ್ತಾರೆ. ಆದರೂ ಒಬ್ಬ ಯುವಕ ಮೆಟ್ಟಿಲ ಮೇಲಿಂದ ಮೊಬೈಲು ಎತ್ತಿದ್ದನ್ನು ನೋಡಿದೆ. ಕೆಳಗೆ ಆಗಷ್ಟೇ ತಲೆ ಬೋಳಿಸಿಕೊಂಡು ಬಿಳಿ ವಸ್ತ್ರ ಸುತ್ತಿಕೊಂಡಿದ್ದ ಒಬ್ಬ ಮಗ, ಅವನಿಗೂ ಅಷ್ಟೇ ವಯಸ್ಸು, ತಲೆಯೆತ್ತಿ ಸುಮ್ಮನೆ ನೋಡಿದ. ಬೈಯಲಿಲ್ಲ. ಮೊಬೈಲು ತಾನಾಗಿ ಕೆಳಗಿಳಿಯಿತು. ಸ್ನಾನ ಮಾಡುವ ಹೆಂಗಸರ ಚಿತ್ರವೂ ಹೀಗೆಯೇ. ನದಿ ಸಾರ್ವಜನಿಕವಾದದ್ದು ನಿಜ, ಅವರ ಮೈ ಸಾರ್ವಜನಿಕವಲ್ಲ. ನಮ್ಮ ಅಕ್ಕ ಅಮ್ಮಂದಿರು ಊರಿನ ಹೊಳೆಯಲ್ಲಿ ಬಟ್ಟೆ ಒಗೆಯುವಾಗ ಯಾರೋ ಪರಊರಿನವರು ಬಂದು ತೆಗೆದರೆ ನಮಗೆ ಹೇಗೆ ಅನ್ನಿಸುತ್ತದೆ? ಮಗುವಿನ ಕೈಗೆ ಕ್ಯಾಮರಾ ಕೊಡುವ ಮೊದಲು ತಂದೆತಾಯಿ ಇದನ್ನು ಹೇಳಿಕೊಡಬೇಕು. ಶಾಲೆಯ ಪಠ್ಯದಲ್ಲಿ ಇದಕ್ಕೆ ಅಧ್ಯಾಯವಿಲ್ಲ.

ಇನ್ನು, ಫೋಟೋಕ್ಕೆ ಕಾಣದೇ ಇರುವುದು. ನನ್ನಲ್ಲಿ ಬೆಳಗಿನ ಗಂಗೆಯ ಒಂದು ಚಿತ್ರ ಇದೆ. ನೀರು ಬಂಗಾರದಂತೆ ಹೊಳೆಯುತ್ತದೆ. ಆ ನೀರು ಶುದ್ಧವೋ ಅಲ್ಲವೋ ಎಂದು ಆ ಚಿತ್ರ ಹೇಳಲಾರದು. ತುಳಸಿ ಘಾಟ್‌ನಲ್ಲಿ ವೀರಭದ್ರ ಮಿಶ್ರ ಎಂಬ ಒಬ್ಬರಿದ್ದರು. ಸಂಕಟಮೋಚನ ಹನುಮಂತನ ದೇವಸ್ಥಾನದ ಮಹಂತರು, ಜೊತೆಗೆ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಜಲ ಎಂಜಿನಿಯರಿಂಗ್ ಪ್ರಾಧ್ಯಾಪಕರು. ಗಂಗೆಯಲ್ಲಿ ಭಕ್ತಿಯಿಂದ ಮುಳುಗು ಹಾಕುತ್ತಿದ್ದ ಅವರೇ ಅದೇ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷೆಗೆ ಒಡ್ಡಿಸಿದರು. 1982ರಲ್ಲಿ ಅದಕ್ಕಾಗಿ ಒಂದು ಪ್ರತಿಷ್ಠಾನವನ್ನೂ ಕಟ್ಟಿದರು. ಸ್ನಾನಯೋಗ್ಯ ನೀರಿನಲ್ಲಿ ಮಲಮೂಲದ ಕೋಲಿಫಾರ್ಮ್ ಬ್ಯಾಕ್ಟೀರಿಯಾ 100 ಮಿಲಿಲೀಟರಿಗೆ 500 ಮೀರದಿದ್ದರೆ ಒಳ್ಳೆಯದು, 2,500 ಮೀರಲೇಬಾರದು ಎಂಬುದು ನಮ್ಮ ದೇಶದ ಮಾನದಂಡ. ನಗರದ ಕೊಳಚೆ ಬಂದು ಸೇರುವ ಕಡೆ ಸಂಖ್ಯೆ ಅದನ್ನು ಎಷ್ಟೋ ಪಟ್ಟು ಮೀರಿದ್ದನ್ನು ಅವರು ಅಂಕಿಅಂಶಗಳ ಸಮೇತ ತೋರಿಸಿದರು. ಗಂಗಾ ಶುದ್ಧೀಕರಣದ ಸರ್ಕಾರಿ ಯೋಜನೆ 1986ರಲ್ಲಿ ಇದೇ ಊರಿನ ಘಾಟ್‌ನಲ್ಲಿ ಉದ್ಘಾಟನೆಯಾದಾಗ ಸಂತೋಷಪಟ್ಟವರೂ ಅವರೇ, ಅದರ ಕೊರತೆಗಳನ್ನು ಬಿಡದೆ ಎತ್ತಿ ಆಡಿದವರೂ ಅವರೇ. 2013ರಲ್ಲಿ ತೀರಿಕೊಂಡರು. ಗಂಗೆಯನ್ನು ಕೊಳಕು ಎನ್ನಬೇಡಿ, ಆಕೆ ತಾಯಿ, ತಾಯಿಗೆ ಮೈ ಹುಷಾರಿಲ್ಲ ಎನ್ನಿ ಎಂಬ ಧಾಟಿಯಲ್ಲಿ ಅವರು ಜನರೊಡನೆ ಮಾತಾಡುತ್ತಿದ್ದರು. ಭಕ್ತಿ ಮತ್ತು ಅಳತೆ ಒಂದೇ ತಲೆಯಲ್ಲಿ ಜಗಳವಿಲ್ಲದೆ ಇರಬಲ್ಲವು ಎಂಬುದಕ್ಕೆ ನಾನು ತರಗತಿಯಲ್ಲಿ ಕೊಡುವ ಉದಾಹರಣೆ ಅವರದು.

ಮಕ್ಕಳಿಗೆ ಒಂದು ಕೆಲಸ ಕೊಟ್ಟು ಮುಗಿಸುತ್ತೇನೆ. ನಮ್ಮ ಕಾಲದ ಫಿಲ್ಮ್ ರೋಲಿನಲ್ಲಿ ಇರುತ್ತಿದ್ದದ್ದು 36 ಚಿತ್ರ. ದುಡ್ಡು ಕೊಟ್ಟು ತೊಳೆಸಬೇಕಿತ್ತು, ಹಾಗಾಗಿ ಗುಂಡಿ ಒತ್ತುವ ಮೊದಲು ಎರಡು ಸಲ ಯೋಚಿಸುತ್ತಿದ್ದೆವು. ನೀವೂ ದಿನಕ್ಕೆ ಹತ್ತೇ ಎಂದು ಮಿತಿ ಹಾಕಿಕೊಳ್ಳಿ. ತಾರೀಖು, ಹೊತ್ತನ್ನು ಮೊಬೈಲು ತಾನೇ ಬರೆದುಕೊಳ್ಳುತ್ತದೆ. ಎಲ್ಲಿ ನಿಂತಿದ್ದಿರಿ, ಯಾವ ದಿಕ್ಕಿಗೆ ನೋಡಿದಿರಿ, ಚಿತ್ರದಲ್ಲಿರುವವರು ಏನು ಕೆಲಸ ಮಾಡುತ್ತಿದ್ದರು, ಇದನ್ನು ನೋಟುಪುಸ್ತಕದಲ್ಲಿ ನೀವು ಬರೆಯಿರಿ. ಮೊಬೈಲು ಮೂರು ವರ್ಷಕ್ಕೆ ಕೆಡುತ್ತದೆ, ನೋಟುಪುಸ್ತಕ ಉಳಿಯುತ್ತದೆ.

ಇದಕ್ಕೆ ಕಾಶಿಗೇ ಹೋಗಬೇಕಿಲ್ಲ. ಶಿವಮೊಗ್ಗದವರಿಗೆ ತುಂಗೆಯ ಕೋರ್ಪಲಯ್ಯನ ಛತ್ರದ ಬಳಿಯ ಮಂಟಪ ಇದೆ. ಅದು ಮುಳುಗಿತೆಂದರೆ ಊರಿಗೆ ಊರೇ ನೋಡಲು ಹೋಗುತ್ತದೆ. ಮುಳುಗಿದ ದಿನ ಎಲ್ಲರೂ ಫೋಟೋ ತೆಗೆಯುತ್ತಾರೆ, ಮುಳುಗದ ದಿನ ಯಾರೂ ತೆಗೆಯುವುದಿಲ್ಲ. ಕಾಶಿಯಲ್ಲಿ ಗಂಗೆಯ ಅಪಾಯದ ಮಟ್ಟ 71.262 ಮೀಟರ್, 1978ರಲ್ಲಿ ನೀರು 73.901ಕ್ಕೆ ಏರಿದ್ದು ಅಲ್ಲಿನ ದಾಖಲೆ. ಸರ್ಕಾರದ ಅಳತೆಪಟ್ಟಿ ಇರುವ ಕಡೆ ಇಂಥ ಸಂಖ್ಯೆ ಸಿಗುತ್ತದೆ. ನಿಮ್ಮೂರಿನ ಹೊಳೆಗೋ ಕೆರೆಗೋ ಅಂಥ ಪಟ್ಟಿ ಇಲ್ಲದಿದ್ದರೆ ಸೋಪಾನದ ಮೆಟ್ಟಿಲುಗಳೇ ಪಟ್ಟಿ. ದಡದಿಂದ ದೂರ, ಗಟ್ಟಿ ನೆಲದ ಮೇಲೆ ಒಂದು ಜಾಗ ಗೊತ್ತು ಮಾಡಿಕೊಂಡು, ದೊಡ್ಡವರೊಬ್ಬರನ್ನು ಜೊತೆಗೆ ಕರೆದುಕೊಂಡು, ಈ ಭಾನುವಾರ ಒಂದು ಚಿತ್ರ ತೆಗೆಯಿರಿ. ಮಳೆಗಾಲ ಕಳೆದ ಮೇಲೆ ಅದೇ ಜಾಗದಲ್ಲಿ ನಿಂತು ಇನ್ನೊಂದು ತೆಗೆಯಿರಿ. ಎರಡನ್ನೂ ಪಕ್ಕಪಕ್ಕ ಇಟ್ಟು ಮೆಟ್ಟಿಲು ಎಣಿಸಿ. ಜೊತೆಗೆ, ಮೊದಲ ಚಿತ್ರದಲ್ಲಿದ್ದ ಯಾರು ಎರಡನೆಯದರಲ್ಲಿ ಇಲ್ಲ ಎಂಬುದನ್ನೂ ನೋಡಿ, ಊರಿನಲ್ಲಿ ವಿಚಾರಿಸಿ ಬರೆದಿಡಿ.